ವ್ರಾನ್‌ಗ್ರಾದ್ ಕೋಟೆಯ ಇನ್ನರ್ಧ ಕಲ್ಲು

ನವೆಂಬರ್ 9

ಮ್ಯೂಸಿಯಮ್ಮಿನ ಹೀಟರ್ ಮತ್ತೆ ಕೆಟ್ಟಿದೆ. ಕೋಟು ಹಾಕಿಕೊಂಡೇ ಕೋಟೆ ಬೋರ್ಡಿನ ಬರಹ ತಿದ್ದಿದೆ. ನಿರ್ದೇಶಕ ಬೊರಿವೊಯೆ ಮತ್ತೆ ವಾಪಸ್ ಕಳಿಸಿದ.

“ವಿದೋಸಾವಾ, ಜನ ಗುಡ್ಡ ಹತ್ತೋದೇ ಯೆರಿನಾ ರಾಣಿ ಕಥೆ ಕೇಳೋಕೆ. ಯಾವನೋ ಹೆಸರಿಲ್ಲದ ಪಾಳೇಗಾರ ಕಟ್ಟಿಸಿದ ಅಂತ ಬರೆದ್ರೆ ಯಾರು ಬರ್ತಾರೆ?”

ಈ ದೇಶದಲ್ಲಿ ಗುಡ್ಡದ ಮೇಲೆ ನಾಲ್ಕು ಕಲ್ಲು ಕಂಡರೆ ಸಾಕು, ಅದು ಶಾಪದ ಯೆರಿನಾ ಕಟ್ಟಿಸಿದ್ದು. ಬಡವರ ಮನೆಯ ಮೊಟ್ಟೆಯನ್ನೆಲ್ಲ ಕಿತ್ತು ಗಾರೆಗೆ ಸುರಿದಳಂತೆ. ವ್ರಾನ್‌ಗ್ರಾದ್ ಆಕೆ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ನಿಂತಿತ್ತು. ಗೋಡೆ ಹೇಳುತ್ತದೆ, ಗಾರೆ ಹೇಳುತ್ತದೆ. ನಾನು ಹೇಳಿದರೆ ಮಾತ್ರ ಯಾರಿಗೂ ಬೇಡ.

ಕೋಟೆಬಾಗಿಲ ಬಳಿ ಸಿಕ್ಕ ಶಾಸನದ ಅರ್ಧ ಕಲ್ಲು ನನ್ನ ಮೇಜಿನ ಮೇಲಿದೆ. “ದೇವರ ಕೃಪೆಯಿಂದ ನಾನು” — ಅಲ್ಲಿಗೆ ಒಡೆದಿದೆ. ಹೆಸರು ಇನ್ನರ್ಧದಲ್ಲಿ. ಮಾರ್ಚ್‌ನಲ್ಲಿ ಬೋರ್ಡು ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಹೆಸರು ಸಿಗದಿದ್ದರೆ ಯೆರಿನಾ ಗೆದ್ದಳು.

ನವೆಂಬರ್ 21

ಬಾಗಿಲ ಕೆಳಗೇ ಗ್ವೋಜ್ದೆನ್‌ನ ಪ್ಲಮ್ ತೋಟ. ಕಲ್ಲು ಉರುಳಿದ್ದರೆ ಅಲ್ಲಿಗೇ. ಅಗೆಯಲು ಬಿಡು ಎಂದು ಮತ್ತೆ ಕೇಳಿದೆ. ಬೇಲಿಯಾಚೆಯಿಂದಲೇ ಕೂಗಿದ:

“ನನ್ನ ಮರದ ಬೇರಿಗೆ ಗುದ್ದಲಿ ತಾಗಿದ್ರೆ, ಪ್ರೊಫೆಸರಮ್ಮ, ಆ ಗುಂಡಿಗೆ ನಿಮ್ಮನ್ನೇ ನೆಡ್ತೀನಿ!”

“ಬರೀ ಎರಡು ಗುಂಡಿ, ಗ್ವೋಜ್ದೆನ್.”

“ಕಟ್ಟಿಸಿದ್ದು ಯೆರಿನಾ. ನಮ್ಮಜ್ಜಂಗೆ ಅವರಜ್ಜ ಹೇಳಿದ್ದು. ನಿಮಗ್ಯಾರು ಹೇಳಿದ್ರು?”

ಬಸ್ಸೂ ತಪ್ಪಿತು.

ಜನವರಿ 20, ಸಂಜೆ

ಇಂದು ಗ್ವೋಜ್ದೆನ್ ಮನೆಯಲ್ಲಿ ಸ್ಲಾವಾ — ಮನೆತನದ ಸಂತನ ಹಬ್ಬ. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಅಟ್ಟುವ ಹಾಗೂ ಇಲ್ಲ. ಮಾನ ಬಿಟ್ಟು ಹೋದೆ. ಹಲ್ಲು ಕಚ್ಚಿಕೊಂಡೇ ನನ್ನ ಲೋಟಕ್ಕೆ ರಾಕಿಯಾ, ಹಣ್ಣಿನ ಸಾರಾಯಿ, ಸುರಿದ.

ಊಟಕ್ಕೆ ಸರ್ಮಾ. ಹುಳಿಬಂದ ಎಲೆಕೋಸಿನಲ್ಲಿ ಮಾಂಸ ಸುತ್ತಿದ್ದು. ಫೋರ್ಕ್ ತಾಗಿದ್ದೇ ತಡ, ಎಲೆ ಗಂಜಿಯಾಯಿತು. ಗ್ವೋಜ್ದೆನ್‌ನ ಬೀಗ ನಕ್ಕ. “ಈ ಮನೆ ಸರ್ಮಾನ ಚಮಚದಲ್ಲೇ ತಿನ್ಬೇಕು! ಎಷ್ಟು ಸೊಸೆಯಂದಿರು ಬಂದ್ರೂ ಕೋಸು ಗಟ್ಟಿಯಾಗಲಿಲ್ಲ.”

“ಉಪ್ಪು ಸರಿಯಾಗೇ ಹಾಕ್ತೀನಿ ಕಣಪ್ಪ,” ಎಂದಳು ಗ್ವೋಜ್ದೆನ್‌ನ ತಾಯಿ, ಸ್ಪಾಸೆನಿಯಾ ಅಜ್ಜಿ. “ನಮ್ಮ ನೀರೇ ಹಾಗೆ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!”

ಎಲ್ಲರೂ ನಕ್ಕರು. ನನ್ನ ಕೈ ಮಾತ್ರ ನಿಂತಿತು. ಪೀಪಾಯಿಯಲ್ಲಿ ಕೋಸಿನ ಮೇಲೆ ಹೇರುವ ಕಲ್ಲು ಸುಣ್ಣಕಲ್ಲಾದರೆ ಹೀಗಾಗುತ್ತದೆ. ಹುಳಿನೀರು ಕಲ್ಲನ್ನು ತಿನ್ನುತ್ತದೆ, ಕೋಸು ಮೆತ್ತಗಾಗುತ್ತದೆ. ಅದಕ್ಕೇ ನಮ್ಮಮ್ಮ ಹೊಳೆಕಲ್ಲು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನನ್ನ ಮೇಜಿನ ಮೇಲಿರುವ ಶಾಸನ ಸುಣ್ಣಕಲ್ಲು.

“ಅಜ್ಜಿ, ನಿಮ್ಮ ಪೀಪಾಯಿ ಕಲ್ಲು ಎಲ್ಲಿಂದ ಬಂತು?”

“ಕೋಟೆಯಿಂದ. ನಮ್ಮತ್ತೆ ಕಾಲದ್ದು. ಯೆರಿನಾ ಅಕ್ಷರ ಇತ್ತಲ್ಲ, ಶಾಪ ತಟ್ಟೀತು ಅಂತ ಆ ಮುಖ ಕೆಳಗೆ ಮಾಡಿ ಇಡ್ತೀವಿ.”

ನೆಲಮಾಳಿಗೆಗೆ ಓಡಿದೆ. ಗ್ವೋಜ್ದೆನ್ ಅಡ್ಡ ನಿಂತ. “ಕಲ್ಲೆತ್ತಿದ್ರೆ ಕೋಸು ತೇಲಿ ಕೊಳೆಯುತ್ತೆ. ಚಳಿಗಾಲದ ಊಟ ನಮ್ದು. ಅಷ್ಟೇ ಭಾರದ ಹೊಳೆಕಲ್ಲು ತನ್ನಿ, ಇದನ್ನ ತಗೊಂಡು ಹೋಗಿ.”

ನಾಳೆಯೇ ತರುತ್ತೇನೆ. ನಿದ್ದೆ ಬರುವುದಿಲ್ಲ ಇವತ್ತು.

ಜನವರಿ 21

ಹಿಮ. ಘಟ್ಟದ ರಸ್ತೆ ಬಂದ್. ನಮ್ಮ ಪೀಪಾಯಿಯ ಕಲ್ಲನ್ನೇ ತೊಳೆದು ಬಾಗಿಲ ಬಳಿ ಇಟ್ಟುಕೊಂಡು ಕೂತಿದ್ದೇನೆ.

ಜನವರಿ 29

ಬಂದ್. ಅಲ್ಲಿ ದಿನಾ ಒಂದಿಷ್ಟು ಅಕ್ಷರ ಕರಗುತ್ತಿದೆ… ಫೋನ್ ಮಾಡಿದರೆ ಗ್ವೋಜ್ದೆನ್‌ಗೆ ತಮಾಷೆ. “ಏಳುನೂರು ವರ್ಷ ಕಾದಿರೋದು, ಇನ್ನೆರಡು ವಾರ ಕಾಯಲ್ವಾ?” ಫೋನ್ ಕುಕ್ಕಿದೆ.

ಫೆಬ್ರುವರಿ 12

ರಸ್ತೆ ತೆರೆಯಿತು. ನನ್ನ ಅರ್ಧವನ್ನೂ ಹೊಳೆಕಲ್ಲನ್ನೂ ಜೀಪಿಗೆ ಹಾಕಿಕೊಂಡು ಹೋದೆ. ಗ್ವೋಜ್ದೆನ್ ಅಂಗಿಯ ತೋಳು ಮಡಚಿ ಪೀಪಾಯಿಯಿಂದ ಕಲ್ಲು ಎತ್ತಿದ. ಒಡೆದ ಅಂಚಿಗೆ ಅಂಚು ಹಿಡಿದೆವು. ಕೂತಿತು. ಕೂದಲೆಳೆಯಷ್ಟೂ ಸಂದಿಲ್ಲ!

ತಿರುಗಿಸಿದೆವು. ಸವೆದ ಸೋಪಿನ ಬಿಲ್ಲೆ. ಟಾರ್ಚ್ ಓರೆಯಾಗಿ ಹಿಡಿದೆ, ಬೆರಳಾಡಿಸಿದೆ. ಹೆಸರಿರಬೇಕಾದ ಕಡೆ ಒಂದು ಗೆರೆಯೂ ಇಲ್ಲ. ಹಳೇ ಗಾರೆ ಮೆತ್ತಿಕೊಂಡಿದ್ದ ಮೂಲೆಯಲ್ಲಿ ಒಂದೇ ಮಾತು ಉಳಿದಿದೆ — “ಕಟ್ಟಿಸಿದೆ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ, ಎಲ್ಲರೆದುರು. ಅಜ್ಜಿ ಬರಿಗೈಯಿಂದಲೇ ನನ್ನ ಕೆನ್ನೆ ಒರೆಸಿದಳು. ಕೈಯೆಲ್ಲ ಹುಳಿನೀರು.

“ಅಳಬೇಡ ಮಗಳೇ. ನೀನು ಇಷ್ಟು ಅಳ್ತೀಯ ಅಂದ್ರೆ, ಕಟ್ಟಿಸಿದ್ದು ಯೆರಿನಾ ಅಲ್ಲ ಅನ್ನು. ಯಾರೋ ಒಬ್ಬ ಇದ್ದ… ಅಯ್ಯೋ, ಅವನ ಹೆಸರನ್ನ ನಾವೇ ತಿಂದ್ಬಿಟ್ವಲ್ಲ.”

ಗ್ವೋಜ್ದೆನ್ ಟೋಪಿ ತೆಗೆದ. “ತೋಟ ಅಗೀರಿ ಪ್ರೊಫೆಸರಮ್ಮ. ಎಲ್ಲಿ ಬೇಕಾದ್ರೂ.”

ಈಗ ಹೇಳುತ್ತಾನೆ!

ಮಾರ್ಚ್ 2

ಬೆಳಗಿನಿಂದ ಬೊರಿವೊಯೆಯ ಫೋನೇ ಫೋನು. ಸಂಜೆಯೊಳಗೆ ಬರಹ ಬೇಕಂತೆ, ಇಲ್ಲದಿದ್ದರೆ ಯೆರಿನಾ ಅಂತಲೇ ಅಚ್ಚಾಗುತ್ತದಂತೆ. ಎರಡು ಅರ್ಧವನ್ನೂ ಮೇಜಿನ ಮೇಲೆ ಜೋಡಿಸಿಟ್ಟಿದ್ದೇನೆ. ಕೋಣೆಯೆಲ್ಲ ಹುಳಿಕೋಸಿನ ವಾಸನೆ. ಕಲ್ಲಿನಲ್ಲಿ ಇರುವುದನ್ನೇ ಬರೆಯುತ್ತೇನೆ, ಯಾರ ಹೆಸರನ್ನೂ ತುರುಕುವುದಿಲ್ಲ. ಏನು ಬೇಕಾದರೂ ಮಾಡಿಕೊಳ್ಳಲಿ.

“ದೇವರ ಕೃಪೆಯಿಂದ ನಾನು — ……… — ಕಟ್ಟಿಸಿದೆ.”