ಆರರ ಗುರುತಿನ ಏಳರ ಚೆಂಡು

ಜಯಲಕ್ಷ್ಮಿಪುರಂ, ಮೈಸೂರು
೧೪ ನವೆಂಬರ್ ೨೦೨೪, ಗುರುವಾರ

ಚಿರಂಜೀವಿ ಕುಸುಮಾ,

ಈ ಕಡೆ ನಾನೂ ನಿನ್ನ ಸುಂದರಮ್ಮಜ್ಜಿಯೂ ಮೊಣಕಾಲು ಬಿಟ್ಟು ಮಿಕ್ಕೆಲ್ಲ ಕಡೆ ಕ್ಷೇಮ. ದೀಪಾವಳಿಗೆ ನೀನು ಅಮ್ಮನ ಕೈಲಿ ಕಳಿಸಿದ ಕಜ್ಜಾಯ ಎರಡೇ ದಿನದಲ್ಲಿ ಖಾಲಿಯಾಯಿತು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಜ್ಜಿ ಚಕ್ಕುಲಿ ಕರಿದಿಟ್ಟೂ ಒಂದು ವಾರವಾಯಿತು. ಜೊತೆಗೆ ಈ ಕಾಗದ ಇಡಬೇಕಿತ್ತು, ಅದು ಮಾತ್ರ ಆಗಿರಲಿಲ್ಲ. ಚಕ್ಕುಲಿಗಿಂತ ಹೆಚ್ಚು ಸುತ್ತು ಹಾಕುವ ನಾಲಿಗೆ ನನ್ನದು, ನಿನಗೇ ಗೊತ್ತು. ತಡವಾದದ್ದಕ್ಕೆ ಕಣ್ಣು ಮಂಜು, ಕೈ ನಡುಕ ಅಂತ ಏನಾದರೂ ಬರೆಯಬಹುದಿತ್ತು. ನಿಜವಾದ ಕಾರಣ ನಾಚಿಕೆ.

ಅಶೋಕಪುರಂ ಇಲ್ಲೇ ಇದೆ, ಆಟೋ ಹತ್ತಿದರೆ ನಿಮ್ಮ ಮನೆ. ಆದರೆ ಎದುರಿಗೆ ಬಂದು ಕೂತರೆ ನಾನು ಏನಾದರೊಂದು ಕೀಟಲೆ ಮಾತಾಡಿ, ನಿನ್ನನ್ನು ನಗಿಸಿ, ಕಾಫಿ ಕುಡಿದು ಎದ್ದುಬಿಡುತ್ತೇನೆ. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಕಾಗದಕ್ಕೆ ನಗು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮ ಶಿವನಂಜಮ್ಮ ಕಜ್ಜಾಯದ ಜೊತೆ ಒಂದು ಸುದ್ದಿಯನ್ನೂ ತಂದಿದ್ದರು. ಕಡಕೊಳದಲ್ಲಿ ನಿಮ್ಮ ಫ್ಯಾಕ್ಟರಿಯ ಹೆಂಗಸರು ಒಂದು ತಂಡ ಕಟ್ಟುತ್ತಿದ್ದಾರಂತೆ, ಅರ್ಧ ಕೋರ್ಟಿನಲ್ಲಿ ಮೂರು ಮೂರು ಜನ ಆಡುವ ಬಾಸ್ಕೆಟ್‌ಬಾಲು. ನಿಮ್ಮ ಸೂಪರ್‌ವೈಸರ್ ವಿಜಯ್‌ಕುಮಾರ್ ಅವರು ನಿನ್ನನ್ನೇ ಮೊದಲು ಕೇಳಿದರಂತೆ. ಆಮೇಲಿನದನ್ನು ಅಮ್ಮ ಹೇಳಿದ ಹಾಗೇ ಬರೆಯುತ್ತೇನೆ. "ಬಾಲ್ನ ಕೈಲಿ ಇಡ್ಕಂಡ್ಲಂತೆ ಮೇಷ್ಟ್ರೇ, ಅಂಗೇ ಕೆಳೀಕ್ ಮಡಗ್ಬುಟ್ಟು ಬಂದವ್ಳೆ. ಯಾಕವ್ವ ಅಂದ್ರೆ, ನನ್ ಕೈ ಎಷ್ಟ್ರದು ಅಂತ ನಂಗ್ ಗೊತ್ತು, ಈ ತೂಕ ಅದ್ಕಾಗಲ್ಲ ಅಂತಾಳೆ." ಈ ಹದಿನೆಂಟನೇ ತಾರೀಖು ಸೋಮವಾರದ ತನಕ ಹೆಸರು ಕೊಡಲು ಸಮಯವಿದೆಯಂತೆ, ನೀವಾದರೂ ಒಂದು ಮಾತು ಹೇಳಿ ಎಂದು ನನ್ನನ್ನು ಕೇಳಿಕೊಂಡರು. ನಾನು ಹೂಂ ಅಂದೆ.

ಆ ಮೂರು ಜನರ ಆಟದ ಚೆಂಡು ವಿಚಿತ್ರವಾದದ್ದು ಕಣಮ್ಮ. ಅಳತೆ ಹೆಂಗಸರ ಆರರದ್ದು, ತೂಕ ಗಂಡಸರ ಏಳರದ್ದು. ಯಾರೋ ಪುಣ್ಯಾತ್ಮರು ಬೇಕೆಂದೇ, ಎಲ್ಲರಿಗೂ ತಿಳಿಸಿ ಮಾಡಿದ ನಿಯಮ ಅದು. ನಾನು ಮಾಡಿದ್ದು ಯಾರಿಗೂ ತಿಳಿಸದೆ.

ನೀನು ಆಡಲು ಬರುತ್ತಿದ್ದ ನಮ್ಮ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಚೆಂಡುಗಳ ಉಗ್ರಾಣಿ ನಾನಾಗಿದ್ದೆನಲ್ಲ. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ತಕ್ಕಡಿ ಒರೆಸಿದವನು, ನಿವೃತ್ತಿಯಾದ ಮೇಲೆ ಚೆಂಡು ತೂಗಲು ಕೂತೆ. ಕೋರ್ಟಿನ ಆ ಒರಟು ಸಿಮೆಂಟಿನ ಮೇಲೆ ಪುಟಿದು ಪುಟಿದು ಯಾವ ಚೆಂಡಿನ ಮೇಲೂ ಕಂಪನಿಯ ಅಚ್ಚು ಆರು ತಿಂಗಳು ಉಳಿಯುತ್ತಿರಲಿಲ್ಲ. ಅಂಕಿಯೆಲ್ಲ ಅಳಿಸಿ ಎಲ್ಲವೂ ಒಂದೇ ಕಂದು ಬಣ್ಣ. ಹಾಗಾಗಿ ನಾನು ಅಜ್ಜಿಯ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ಇಟ್ಟು, ಟೇಪು ಸುತ್ತಿ ಅಳೆದು, ಗಾಳಿ ತುಂಬುವ ತೂತಿನ ಪಕ್ಕ ಬಿಳಿ ಬಣ್ಣದಲ್ಲಿ ಅಂಕಿ ಬರೆಯುತ್ತಿದ್ದೆ. ನೀನು ಒಂಬತ್ತು ವರ್ಷದವಳಾಗಿ ಬಂದಾಗ ಕೊಟ್ಟದ್ದು ಐದರ ಚೆಂಡು, ಇಪ್ಪತ್ತೇಳೂವರೆ ಇಂಚು ಸುತ್ತಳತೆ, ಅರ್ಧ ಕೇಜಿಗೆ ತುಸು ಕಡಿಮೆ. ಹನ್ನೆರಡು ತುಂಬಿದ ಮೇಲೆ ಆರರದ್ದು, ದೊಡ್ಡ ಹೆಂಗಸರೆಲ್ಲ ಆಡುವುದು ಅದರಲ್ಲೇ, ಇಪ್ಪತ್ತೆಂಟೂವರೆ ಇಂಚು. ಗಂಡಸರ ಏಳರ ಚೆಂಡು ಇಪ್ಪತ್ತೊಂಬತ್ತೂವರೆ. "ಏಳರ ಚೆಂಡು ಬೇಕಾದ್ರೆ ಮೊದ್ಲು ಬೆಳಗ್ಗೆ ಏಳ್ರೋ" ಅಂತ ಹುಡುಗರನ್ನು ರೇಗಿಸುತ್ತಿದ್ದೆ. ನೀನು ಪ್ರತಿಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದೆ.

ಕೋಚ್ ದೇವರಾಜು ಜಂಬದ ಮನುಷ್ಯನಲ್ಲ, ಆದರೆ ಒಂದು ವಿಷಯದಲ್ಲಿ ಜಂಬ ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿ ಚೆಂಡು ಕೊಟ್ಟರೂ ಐದೋ ಆರೋ ಏಳೋ ಹೇಳುತ್ತೇನೆ ಎನ್ನುತ್ತಿದ್ದ. ಹೇಳುತ್ತಲೂ ಇದ್ದ. ಸಕ್ಕರೆ ಡಬ್ಬಿಗೆ ಉಪ್ಪು ಸುರಿದು ಕೂತು ನೋಡುವ ಸ್ವಭಾವದ ನನಗೆ ಅದನ್ನು ಸಹಿಸಲಾಗಲಿಲ್ಲ. ಸವೆದುಹೋದ ಒಂದು ಏಳರ ಚೆಂಡು ತೆಗೆದು, ಅದರ ಅಂಕಿ ಉಜ್ಜಿ, ಮುತ್ತಿನಂಥ ಆರು ಬರೆದೆ. ಕಣ್ಣು ಬಿಟ್ಟುಕೊಂಡೇ ಇವನು ಮೋಸ ಹೋಗುತ್ತಾನೋ ನೋಡೋಣ ಅಂತ. ಯಾವತ್ತು ಕೊಡುವುದು ಎಂದು ಕಾಯುತ್ತಿದ್ದೆ. ಮೂರ್ಖನಿಗೆ ಮುಹೂರ್ತವೂ ಕೆಟ್ಟದ್ದೇ ಸಿಗುತ್ತದೆ.

ಅದು ನಮ್ಮ ಕ್ಲಬ್ಬಿನ ಕೋರ್ಟಿನಲ್ಲೇ ನಡೆದ ನಿಮ್ಮ ಜಿಲ್ಲಾ ತಂಡದ ಆಯ್ಕೆಯ ದಿನ. ನಿನಗೆ ಹದಿನೈದು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಓದು, ಊಟ, ಆಟ ಎಲ್ಲ ಅಲ್ಲೇ. ಗೆರೆಯ ಹಿಂದೆ ನಿಂತು ಎಸೆಯುವ ಹತ್ತು ಫ್ರೀ ಥ್ರೋಗಳಲ್ಲಿ ಆರನ್ನು ಬುಟ್ಟಿಗೆ ಹಾಕಬೇಕು. ನೀನು ದಿನಾ ಎಂಟು ಹಾಕುತ್ತಿದ್ದವಳು, ಯಾರಿಗೂ ಅನುಮಾನ ಇರಲಿಲ್ಲ. ಪಟ್ಟಿಯಲ್ಲಿ ಕೊನೆಯ ಹೆಸರು ನಿನ್ನದು. ಅಷ್ಟರಲ್ಲಿ ಆಯ್ಕೆ ಮಾಡಲು ಹೊರಗಿನಿಂದ ಬಂದಿದ್ದ ಮೂವರು ತಂದಿದ್ದ ಚೆಂಡಿನ ಗಾಳಿ ಇಳಿದುಹೋಯಿತು. ಅವರಲ್ಲೊಬ್ಬ ಮೇಡಂ ನನ್ನ ಮೇಜಿನ ಹತ್ತಿರ ಬಂದು ಆರರ ಚೆಂಡು ಕೇಳಿದರು. ನನ್ನ ಕಾಲ ಬಳಿಯ ಬಲೆಯಲ್ಲಿ ಮೂರು ಒಳ್ಳೆಯ ಆರರ ಚೆಂಡುಗಳಿದ್ದವು. ದೇವರಾಜು ಪಕ್ಕದಲ್ಲೇ ನಿಂತಿದ್ದ. ನನ್ನ ಕೈ ಅಂಕಿ ಬದಲಿಸಿಟ್ಟಿದ್ದ ಆ ನಾಲ್ಕನೆಯದಕ್ಕೇ ಹೋಯಿತು.

ನನ್ನ ಲೆಕ್ಕಾಚಾರ ಇಷ್ಟೇ. ಚೆಂಡನ್ನು ದೇವರಾಜುವಿನ ಕೈಗೆ ಕೊಡುತ್ತೇನೆ, ಅವನು ಮುಟ್ಟಿದ ಕೂಡಲೇ "ಏಯ್ ಸುಬ್ಬಣ್ಣ" ಎನ್ನುತ್ತಾನೆ, ಎಲ್ಲರೂ ನಗುತ್ತಾರೆ, ನಾನು ಸರಿಯಾದದ್ದನ್ನು ಕೊಡುತ್ತೇನೆ. ಚಾಚಿದೆ. ಅದೇ ಹೊತ್ತಿಗೆ ಯಾರೋ ಕರೆದರು, ಅವನು ಆ ಕಡೆ ತಿರುಗಿದ. ಮೇಡಂ ನನ್ನ ಕೈಯಿಂದ ಚೆಂಡು ತೆಗೆದುಕೊಂಡು, ಬಣ್ಣದ ಅಂಕಿ ನೋಡಿ, ನೇರ ನಿನಗೆ ಎಸೆದರು.

ಮೊದಲನೆಯದು ರಿಂಗಿನ ಮುಂಭಾಗಕ್ಕೆ ಬಡಿದು ಹಿಂದೆ ಬಂತು. ಎರಡನೆಯದೂ ಅಷ್ಟೇ. ನೀನು ಕೈ ಒರೆಸಿಕೊಂಡೆ, ಕಾಲು ಸರಿಮಾಡಿಕೊಂಡೆ. ಸರಿಯಾದ ಚೆಂಡಿಗಿಂತ ಅದು ಎಪ್ಪತ್ತೆರಡು ಗ್ರಾಂ ಹೆಚ್ಚು ಭಾರವಿತ್ತು, ಒಂದು ದಪ್ಪ ನಿಂಬೆಹಣ್ಣಿನಷ್ಟು. ತೂಗಿದವನು ನಾನೇ, ಆದ್ದರಿಂದ ಒಂದೊಂದು ಗ್ರಾಮೂ ಗೊತ್ತಿತ್ತು. ಎದ್ದು "ನಿಲ್ಲಿಸಿ, ಚೆಂಡು ತಪ್ಪಾಗಿದೆ" ಎನ್ನಲು ಎಷ್ಟು ಹೊತ್ತು ಬೇಕು? ಹತ್ತು ಎಸೆತದಷ್ಟು ಸಮಯವಿತ್ತು. ಏಳಲಿಲ್ಲ. ಹೊರಗಿನಿಂದ ಬಂದ ಮೂವರ ಎದುರು, ಅಷ್ಟು ಜನ ತಂದೆತಾಯಂದಿರ ಎದುರು, ಈ ಮುದುಕ ಮಕ್ಕಳ ಆಯ್ಕೆಯಲ್ಲಿ ಕುಚೇಷ್ಟೆ ಮಾಡಿದ ಎನ್ನಿಸಿಕೊಳ್ಳಬೇಕಲ್ಲ ಎಂದು ಕುರ್ಚಿ ಹಿಡಿದುಕೊಂಡು ಕೂತೆ. ಮುಂದಿನದು ಬೀಳುತ್ತೆ, ಮುಂದಿನದು ಬೀಳುತ್ತೆ ಎಂದು ದೇವರನ್ನು ಬೇಡಿಕೊಂಡೆ. ನನ್ನ ಕೆಲಸವನ್ನು ದೇವರಿಗೆ ಹೊರಿಸಿದೆ. ಎರಡು ಬಿದ್ದವು. ಮೇಡಂ ನಿನ್ನ ಹೆಸರಿನ ಮೇಲೆ ಗೆರೆ ಎಳೆದರು.

ಆ ಚೆಂಡನ್ನು ಅವತ್ತೇ ಮನೆಗೆ ತಂದು ದಬ್ಬಳದಿಂದ ಚುಚ್ಚಿದೆ. ಅದನ್ನು ಅಜ್ಜಿ ನೋಡಿದಳು.

ನೀನು ಮತ್ತೆ ಕೋರ್ಟಿಗೆ ಬರಲಿಲ್ಲ. ಶೂ ಯಾರಿಗೋ ಕೊಟ್ಟೆ ಎಂದು ಕೇಳಿದೆ. ಆದರೆ ನಮ್ಮ ಮನೆಗೆ ಬರುವುದು ಬಿಡಲಿಲ್ಲ. ಡಿಪ್ಲೊಮಾ ಪಾಸಾದಾಗ ಪೇಡ ತಂದೆ, ಕೆಲಸ ಸಿಕ್ಕಿದಾಗ ಅಜ್ಜಿಗೆ ಸೀರೆ ತಂದೆ. ಕಾಲಿಗೆ ಬಿದ್ದಾಗಲೆಲ್ಲ ನಾನು ಏನೋ ಒಂದು ಒಗಟು ಹೇಳಿ ಬೇಗ ಎಬ್ಬಿಸುತ್ತಿದ್ದೆ.

ನಿಮ್ಮಮ್ಮ ಬಂದುಹೋದ ಮೇಲೆ ಇಷ್ಟು ದಿನ ಒದ್ದಾಡಿ, ಮೊನ್ನೆ ದೇವರಾಜುವಿನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈದರೆ ಒಳ್ಳೆಯದಿತ್ತು. ಅವನು, "ನಾನ್ ಕಲ್ಸಿದ್ದೇ ತಪ್ಪಾಯ್ತೇನೋ ಅಂತ ಇಷ್ಟ್ ವರ್ಷ ಅಂದ್ಕೊಂಡಿದ್ದೆ ಕಣಯ್ಯ" ಅಂದ. ಅವನ ತಲೆಯ ಮೇಲೂ ನನ್ನ ಚೆಂಡೇ ಕೂತಿತ್ತು ಎಂದು ನನಗೆ ಹೊಳೆದೇ ಇರಲಿಲ್ಲ. ನಾನು ಕೈಮುಗಿದೆ. ಅವನು, "ನಂಗ್ ಹೇಳಿ ಹಗುರ ಮಾಡ್ಕೋಬ್ಯಾಡ ಸುಬ್ಬಣ್ಣ. ಆ ಮಗೀಗ್ ಹೇಳು, ಸ್ವಾಮ್ವಾರ್ದೊಳ್ಗೆ ಹೇಳು" ಎಂದು ಎದ್ದು ಒಳಗೆ ಹೋದ. ಕಾಫಿ ಕೊಡಲಿಲ್ಲ. ಮೂವತ್ತು ವರ್ಷದ ಸ್ನೇಹದಲ್ಲಿ ಇದೇ ಮೊದಲು.

ಹೇಳಿದ್ದೇನೆ. ಇನ್ನು ನೀನು ಹೆಸರು ಕೊಡುವುದೂ ಬಿಡುವುದೂ ನಿನ್ನ ಇಷ್ಟ. ಆಡು ಎಂದು ಹೇಳುವ ಹಕ್ಕು ನನಗೆ ಉಳಿದಿಲ್ಲ. ಇಷ್ಟು ಮಾತ್ರ ತಿಳಿದುಕೊಂಡು ನಿರ್ಧಾರ ಮಾಡು: ಕೈಯಲ್ಲಿರುವುದು ಏಳು ಎಂದು ಗೊತ್ತಿಲ್ಲದೆಯೂ ಅದರಲ್ಲಿ ಎರಡು ಹಾಕಿದ ಹುಡುಗಿ ನೀನು. ಗೊತ್ತಿದ್ದು ಹಿಡಿದರೆ ಎಷ್ಟು ಹಾಕುತ್ತೀಯೋ, ಅದನ್ನು ಯಾವ ತಕ್ಕಡಿಯೂ ಹೇಳಲಾರದು. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ. ಕೇಳಿದರೆ ನೀನು ಒಳ್ಳೆಯವಳಾಗಿ ಕ್ಷಮಿಸಿಬಿಡುತ್ತೀಯ, ಅದೂ ನನಗೇ ಲಾಭವಾಗುತ್ತದೆ.

ಶಿವನಂಜಮ್ಮನವರಿಗೆ ಈ ಕಾಗದ ಓದಿ ಹೇಳು, ಮುಚ್ಚಿಡಬೇಡ. ನಿನ್ನ ಕೈಗೂ ಕಾಲಿಗೂ ಕಣ್ಣಿಗೂ ಚಾಮುಂಡೇಶ್ವರಿ ನೂರು ವರ್ಷ ಕಸುವು ಕೊಡಲಿ. ಅಜ್ಜಿಯೂ ಆಶೀರ್ವಾದ ತಿಳಿಸಿದ್ದಾಳೆ. ಏನು ಬರೆಯುತ್ತಿದ್ದೇನೆಂದು ಅವಳಿಗೆ ಇವತ್ತು ಓದಿ ಹೇಳಿದೆ. "ಈಗ್ಲಾದ್ರೂ" ಅಂದಳು, ಅಷ್ಟೇ.

ಇಂತು,
ನಿನ್ನ ಎದುರು ತಲೆ ಎತ್ತಲಾಗದ
ವೆಂಕಟಸುಬ್ಬಯ್ಯ

ಪುನಶ್ಚ: ಮಡಿಸಿ ಲಕೋಟೆಗೆ ಹಾಕಿದವನು ಮತ್ತೆ ಬಿಚ್ಚಿದ್ದೇನೆ. ನಡೆದದ್ದೆಲ್ಲ ಬರೆದೆ, ನಾನು ಆಡಿದ ಮಾತನ್ನು ಬರೆದಿರಲಿಲ್ಲ. ಆಯ್ಕೆ ಮುಗಿದ ಮೇಲೆ ನೀನು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ನನ್ನ ಬಳಿಗೇ ಬಂದೆ. ಅಳುತ್ತಿರಲಿಲ್ಲ. "ತಾತ, ಆ ಬಾಲ್ ವಸಿ ಭಾರ ಇತ್ತಾ?" ಅಂತ ಕೇಳಿದೆ. ಚೆಂಡು ನನ್ನ ತೊಡೆಯ ಮೇಲೇ ಇತ್ತು. ನಾನು, "ಬಾಲು ಇರೋಷ್ಟೇ ಇದೆ ಕಣಮ್ಮ, ನಿನ್ನ ಕೈಲೇ ಕಸುವಿಲ್ಲ" ಅಂದೆ. ನೀನು ಅಂಗೈ ತಿರುಗಿಸಿ ನೋಡಿಕೊಂಡು, ಹೂಂ ತಾತ ಅಂದು ಹೊರಟುಹೋದೆ. ಚೆಂಡು ತೂಗುವವನು ಹೇಳಿದ ಮೇಲೆ ನೀನು ಇನ್ಯಾರನ್ನು ಕೇಳುತ್ತೀಯ? ಕುಸುಮಾ, ಅವತ್ತು ನಿನ್ನ ಕೈ ಸರಿಯಾಗಿಯೇ ತೂಗಿತ್ತು.