ಒದ್ದಿ ಅರಿವಿ ಸುತ್ತಿದ ಶೀಸೆ

ತಿಕೋಟಾ,
೧೨ ಎಪ್ರಿಲ್ ೧೯೮೬

ವಿಜಾಪುರದ ಡಾಕ್ಟರ್ ಸಾಹೇಬರಿಗೆ, ದ್ರಾಕ್ಷಿ ತೋಟದ ಖಂಡಪ್ಪ ಮಾಡುವ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತ್ರಿ. ನನ್ನ ಹೆಂಡತಿ ಪರಸವ್ವನ ತಮ್ಮ ಮುಂಬೈ ದವಾಖಾನ್ಯಾಗ ಮಲಗ್ಯಾನ; ಅವಗ ಅಕಿ ಎಲುವಿನ ಮಜ್ಜಿ ಕೂಡತೈತೇನು ನೋಡಾಕ ಕಳಿಸಿದ ರಕ್ತ, ಅಲ್ಲಿ ಮುಟ್ಟೂದ್ರಾಗ ಕೆಟ್ಟಿತ್ತು ಅಂತ ಬರದೀರಿ. ರೈಲಿನ್ಯಾಗ ಒಯ್ದಾಂವ ನಾನು. ತಂಪು ತಾಗಿದ್ರ ಈ ರಕ್ತ ಕೆಡತೈತಿ, ತಾಗಿಸಬ್ಯಾಡ ಅಂತ ನೀವು ಎರಡು ಸಲ ಹೇಳಿದ್ರಿ. ಬಿಸಲು ನೋಡಿ ನನಗ ತಡೀಲಿಲ್ರಿ. ಪ್ಯಾಟಿಗೆ ದ್ರಾಕ್ಷಿ ಒಯ್ಯೂವಂಗ ಶೀಸೆಗೆ ಒದ್ದಿ ಅರಿವಿ ಸುತ್ತಿ, ಸೊಲ್ಲಾಪುರದಾಗ ಬರ್ಫ ಕೊಂಡು ಅದರಾಗ ಇಟ್ಟೆ. ಬರ್ಫದಾಗ ಇಟ್ಟಿದ್ದೇನು ಅಂತ ಮುಂಬೈ ದವಾಖಾನಿಯವರು ಕೇಳಿದಾಗ ಇಲ್ಲ ಅಂದೆ.

ಈಗ ನಮ್ಮವ್ವ ಸೊಸಿ ರಕ್ತನ ಕೆಟ್ಟದ್ದು ಅಂತಾಳ. ಪರಸವ್ವನೂ ಹಂಗ ತಿಳದಾಳ. ಮಗಳಿಗೆ ತನ್ನ ತಾಟಿನಾಗಿಂದ ತುತ್ತು ಕೊಡೂದು ಬಿಟ್ಟಾಳ. ನಾನು ಬಾಯಿ ಬಿಟ್ಟಿಲ್ರಿ.

ಇನ್ನೊಮ್ಮೆ ರಕ್ತ ತಗೋರಿ, ಬ್ಯಾರೆ ಯಾರ ಕೈಯಾಗರ ಕಳಸ್ರಿ. ಮತ್ತ ಪರಸವ್ವನ ಹೆಸರಿಗೆ ಒಂದು ಕಾರ್ಡು ಬರೀರಿ: ನಿನ್ನ ರಕ್ತ ಚಲೋ ಇತ್ತು, ನಿನ್ನ ಗಂಡ ಕೆಡಿಸಿದ ಅಂತ. ಅಕಿಗೆ ಓದಾಕ ಬರೂದಿಲ್ಲ. ನಮ್ಮ ಮನ್ಯಾಗ ಕಾಗದ ಓದಿ ಹೇಳಾಂವ ನಾನೊಬ್ಬನ.

ನಿಮ್ಮ ಮುಂದ ತಲಿ ಎತ್ತಲಾರದ
ಖಂಡಪ್ಪ