ಬಾರ್ತೊಲೊ ಕುಡಿದಿರಲಿಲ್ಲ

ಕಾಲಾಮೋರ
ಜುಲೈ ೧೯, ೧೯೯೪

ಪ್ರೀತಿಯ ತಮ್ಮ ಒರೆಸ್ತೆಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಈಸ್ಟರ್‌ನಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡ. ಮೀನಿಗೆ ಉಪ್ಪು ಹಾಕುವ ಕಾಲ. ಬೆರಳೆಲ್ಲ ಬಿರಿದು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ನಿನ್ನ ಮೊಮ್ಮಗಳು ಹೆಜ್ಜೆ ಇಡತೊಡಗಿದಳೆಂದು ಓದಿ ಸಂತೋಷವಾಯಿತು.

ನಮ್ಮೂರು ಈಗ ನಮ್ಮದಾಗಿ ಉಳಿದಿಲ್ಲ. ಬೆಳಗಾದರೆ ದೋಣಿ ತುಂಬ ಪ್ರವಾಸಿಗರು ಬಂದಿಳಿಯುತ್ತಾರೆ. ಅಡುಗೆಮನೆಯ ಕಿಟಕಿಗೇ ಕ್ಯಾಮರಾ ತೂರಿಸುತ್ತಾರೆ. ಮೊನ್ನೆ ಪಕ್ಕದ ಮನೆಯ ದೆಲ್ಫೀನಾ ಒಬ್ಬನಿಗೆ, "ಒಳಗೇ ಬಾರಪ್ಪ, ಈರುಳ್ಳಿ ಹೆಚ್ಚಿಕೊಟ್ಟು ಹೋಗು" ಅಂದಳು. ಅದನ್ನೆಲ್ಲ ನಕ್ಕು ಸಹಿಸಿಕೊಂಡಿದ್ದೆ.

ಭಾನುವಾರದ್ದನ್ನು ಸಹಿಸಲಾಗಲಿಲ್ಲ. ಪೂಜೆ ಮುಗಿಸಿ ಚರ್ಚಿನಿಂದ ಹೊರಬಂದೆ. ಕಡಲಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲಿನ ಮುಂದೆ ಗೈಡ್ ಹುಡುಗಿಯೊಬ್ಬಳು ಮೂವತ್ತು ಜನರನ್ನು ನಿಲ್ಲಿಸಿಕೊಂಡು, ಪುಸ್ತಿಕೆಯನ್ನು ನಮ್ಮ ಮಾತಿನಲ್ಲಿ ಓದಿ ಅವರ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು. ನನ್ನ ಗಂಡನ ಹೆಸರಿನ ಮೇಲೆ ಬೆರಳಿಟ್ಟು, "ಈ ಬಾರ್ತೊಲೊ ಹಬ್ಬದ ದಿನ ಕಂಠಪೂರ್ತಿ ಕುಡಿದು, ಮೀನಿನ ಜತೆ ಕುಣೀತೀನಿ ಅಂತ ನೀರಿಗೆ ಹಾರಿದನಂತೆ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ನನ್ನ ಮೈ ಉರಿಯಿತು. "ಅವನು ಕುಡಿದಿದ್ದನ್ನ ನೀನು ನೋಡಿದ್ಯೇನೇ?" ಎಂದು ಕೂಗಿದೆ.

ಹುಡುಗಿ ಬೆಚ್ಚಿದಳು. "ಅಜ್ಜಿ, ಇದರಲ್ಲಿರೋದನ್ನ ಓದ್ದೆ ಅಷ್ಟೇ."

"ಹಾಗಾದ್ರೆ ಇದನ್ನೂ ಹೇಳು. ಅವತ್ತು ಬಿರುಗಾಳಿ. ನನ್ನ ಗಂಡ ಒಂದು ಹನಿ ಮುಟ್ಟಿರಲಿಲ್ಲ. ನೀರಿಗೆ ಬಿದ್ದ ನನ್ನ ತಮ್ಮನ್ನ ಎತ್ತಿ ದೋಣಿಗೆ ಹಾಕಿದ, ತಾನು ಹತ್ತೋಕಾಗ್ದೆ ಹೋದ. ನಂಗಾಗ ಇಪ್ಪತ್ತಾರು ವರ್ಷ. ನಗ್ರೋ ಈಗ!"

ಹುಡುಗಿ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಮುದುಕನೊಬ್ಬ ಟೋಪಿ ತೆಗೆದ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಪುಸ್ತಿಕೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಮನೆಗೆ ಬಂದೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಗುವಿಗೆ ಎರಡೂ ಕೆನ್ನೆಗೆ ಮುತ್ತು. ಕಡಲ ಮಾತೆ ನಿಮ್ಮ ಮನೆಯನ್ನು ಕಾಯಲಿ.

ನಿನ್ನ ಅಕ್ಕ,
ಎರ್ಸಿಲಿಯಾ

ವಿ.ಸೂ.: ಕನ್ನಡಕ ಹಾಕಿಕೊಂಡು ಪುಸ್ತಿಕೆಯನ್ನು ಓದಿದೆ. ಆ ಕತೆಯ ಕೆಳಗೆ ಹೇಳಿದವರ ಹೆಸರಿದೆ, ಫೋಟೋ ಇದೆ. ನೀನೇ. ನಗುತ್ತಿದ್ದೀಯ. ಅವನು ನಿನಗಾಗಿ ಸತ್ತನೆಂದು ಹೇಳಲು ಅಷ್ಟು ನಾಚಿಕೆಯೇನೋ, ಒರೆಸ್ತೆ? ನಿನ್ನನ್ನು ದಡಕ್ಕೆ ಎಳೆದಾಗ ತಲೆಯನ್ನು ಮಡಿಲಿಗೆ ತೆಗೆದುಕೊಂಡವಳು ನಾನು. ವೈನಿನ ವಾಸನೆ ಬಂದದ್ದು ನಿನ್ನ ಬಾಯಿಂದ. ಮೂವತ್ತೆರಡು ವರ್ಷ ಅದನ್ನು ಅಮ್ಮನಿಗೂ ಹೇಳಲಿಲ್ಲ.